ಬೇರೆ ಕಟ್ಟಬೇಕಿದ್ದ ಕುಂಡ

ಆದಿವಾಲ,
9-3-2025, ಭಾನುವಾರ

ಮುದ್ದಕ್ಕನಿಗೆ ನಿನ್ನ ಗಂಡ ಕಾಟಯ್ಯ ಬರೆಯುವುದು.

ನಾನು ಚೆನ್ನಾಗಿದ್ದೇನೆ. ಕುರಿಗಳೂ ಚೆನ್ನಾಗಿವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಬಿ.ದುರ್ಗದಲ್ಲಿ ತಂಗಿ ಮನೆಯಲ್ಲಿ ಚೆನ್ನಾಗಿಯೇ ಇರುತ್ತೀಯ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನೀನು ಏಳನೇ ಕ್ಲಾಸು ಓದಿದವಳು, ನಾನು ನಾಲ್ಕಕ್ಕೇ ಬಿಟ್ಟು ಕುರಿ ಹಿಂದೆ ಹೋದವನು. ತಪ್ಪಿದ್ದರೆ ತಿದ್ದಿಕೊಂಡು ಓದು. ನಗಬೇಡ.

ಬಾ ಎಂದು ಕರೆಯಲು ಬರೆಯುತ್ತಿಲ್ಲ. ನಿನ್ನ ಕುಂಡಗಳ ವಿಷಯ ಹೇಳಬೇಕಿತ್ತು, ಅಷ್ಟೇ.

ನೀನು ಹೋಗುವಾಗ ದಾಸವಾಳದ ಎಲೆ ಮುರುಟಿತ್ತಲ್ಲ, ಆಮೇಲೆ ತುದಿಯೆಲ್ಲ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾಯಿತು. ಎಲೆ ಮುಟ್ಟಿದರೆ ಬೆಲ್ಲದ ಪಾಕದಂಥ ಅಂಟು, ಅಂಟಿನ ಮೇಲೆ ಕಪ್ಪು ಮಸಿ, ಕಾಂಡದ ತುಂಬ ಇರುವೆ ಸಾಲು. ಕುರಿಗೆ ಉಣ್ಣಿ ಹತ್ತಿದಾಗ ಹಾಕುವ ಔಷಧಿಯನ್ನೇ ಹೊಡೆದುಬಿಡೋಣ ಎಂದು ಡಬ್ಬಿ ತೆಗೆದಿದ್ದೆ. ಜಂಪಣ್ಣನ ಸೊಸೆ ನೇತ್ರಾವತಿ, ತೋಟಗಾರಿಕೆ ಓದಿದವಳು, ಬೇಲಿಯ ಆಚೆಯಿಂದಲೇ ಕೂಗಿದಳು: “ಅಜ್ಜ, ಅದು ಕುರಿ ಅಲ್ಲ, ಗಿಡ! ಸುಟ್ಟು ಹೋಗ್ತೈತೆ, ಇಡ್ರಿ ಕೆಳಗೆ!”

ಬಂದು ಎಲೆ ಮಗುಚಿ ತೋರಿಸಿದಳು. ಬೂದಿಯೂ ಅಲ್ಲ, ಬೂಷ್ಟೂ ಅಲ್ಲ. ಜೀವ ಇರುವ ಹುಳ. ಹಿಟ್ಟು ತಿಗಣೆ ಅಂತೆ. ಹಿಟ್ಟಿನಲ್ಲಿ ಹೊರಳಿದಂಥ ಮೈ, ಎಲೆಯ ಸಂದಿಯಲ್ಲಿ ಕೂತು ರಸ ಹೀರುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಬಂದ ಇರುವೆ ಅದನ್ನು ಕಾಯುತ್ತದೆ, ನಾವು ಕುರಿ ಕಾದಂತೆ.

ನಾನು ಮಾಡಿದ್ದು ಕೇಳು. ಮುರುಟಿದ ತುದಿಗಳನ್ನು ಕತ್ತರಿಸಿ ಸುಟ್ಟೆ. ಪೈಪಿನ ನೀರನ್ನು ರಭಸವಾಗಿ ಎಲೆಯ ತಳಕ್ಕೆ ಬಿಟ್ಟೆ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಬೇವಿನ ಎಣ್ಣೆ, ಎಣ್ಣೆ ಬೆರೆಯುವಷ್ಟು ಸೋಪು. ಬಿಸಿಲು ಇಳಿದ ಮೇಲೆ, ಎಲೆ ಮೇಲೂ ಕೆಳಗೂ ತೊಯ್ಯುವ ಹಾಗೆ ಹೊಡೆದೆ. ಒಂದೇ ಸಲಕ್ಕೆ ಸಾಯುವ ಜಾತಿಯಲ್ಲ, ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಅದಕ್ಕೆ ವಾರಕ್ಕೊಮ್ಮೆ, ನಾಲ್ಕು ವಾರ. ಸಣ್ಣ ಕುಂಡಗಳಿಗೆ ಕುರಿ ಇಂಜೆಕ್ಷನ್ನಿಗೆ ಇಟ್ಟಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದೇ ಹುಳ ಒರೆಸಿದೆ. ಇರುವೆ ಹತ್ತದಂತೆ ಪ್ರತಿ ಕುಂಡವನ್ನೂ ನೀರಿನ ತಟ್ಟೆಯ ನಡುವೆ ಕಲ್ಲಿಟ್ಟು ಅದರ ಮೇಲೆ ಕೂರಿಸಿದ್ದೇನೆ. ಹನ್ನೊಂದರಲ್ಲಿ ಒಂಬತ್ತು ಉಳಿದಿವೆ. ಎರಡು ಕನಕಾಂಬರ ಸತ್ತವು. ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತಿದೆ. ಒಂದು ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದೇನೆ.

ನೇತ್ರಾವತಿ ಅವತ್ತೇ ಕೇಳಿದ್ದಳು: “ಹೊಸ ಗಿಡ ಯಾವ್ದು ತಂದ್ರಿ ಅಜ್ಜ?” ನಿನ್ನ ತಂಗಿ ಗಿರಿಯಮ್ಮ ತಂದ ಮಲ್ಲಿಗೆ ಎಂದೆ. “ಅದಕ್ಕೆ ಮುಂಚೆ?” ಹೈವೇ ಪಕ್ಕ ಗಿಡ ಮಾರುವವನಿಂದ ನಾನೇ ತಂದ ಕೆಂಪೆಲೆಯ ಕ್ರೋಟನ್. ಅವಳು ಅದನ್ನು ಬೇರು ಸಮೇತ ಕುಂಡದಿಂದ ಎಳೆದಳು. ಬೇರಿಗೆಲ್ಲ ಅದೇ ಬಿಳಿ ಹುಳ ಹತ್ತಿತ್ತು. “ಸಂತೆ ಕುರಿ ತಂದ್ರೆ ಎಷ್ಟು ದಿನ ಬೇರೆ ಕಟ್ತೀರಿ?” ಎಂದಳು. ಹದಿನೈದು ದಿನ ಎಂದೆ. “ಮತ್ತೆ ಇದನ್ನ?”

ಐವತ್ತು ವರ್ಷದಲ್ಲಿ ಸಂತೆಯಿಂದ ತಂದ ಒಂದು ಕುರಿಯನ್ನೂ ನಾನು ನೇರವಾಗಿ ರೊಪ್ಪಕ್ಕೆ ಬಿಟ್ಟವನಲ್ಲ. ಮೂಗು, ಬಾಯಿ, ಗೊರಸು ನೋಡದೆ ಉಳಿದ ಕುರಿಗಳ ಜೊತೆ ಸೇರಿಸಿದವನಲ್ಲ. ಆ ಕ್ರೋಟನ್ನನ್ನು ಮಾತ್ರ ತಂದ ದಿನವೇ ನಿನ್ನ ಕುಂಡಗಳ ನಟ್ಟನಡುವೆ ಇಟ್ಟು, ನೋಡು ಹೆಂಗೈತೆ ಎಂದು ಮೆರೆದೆ. ಎಲೆ ಮುರುಟಿದಾಗ ಗಿರಿಯಮ್ಮನ ಮುಖಕ್ಕೇ, ನಿಮ್ಮ ಮನೆಯ ಪೀಡೆ ತಂದು ನಮ್ಮ ಮನೆಗೆ ಹಚ್ಚಿದೆ ಎಂದೆ. ಅವಳ ಮಲ್ಲಿಗೆ ಕಿತ್ತು ತಿಪ್ಪೆಗೆ ಎಸೆದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟಳು. ನೀನೂ ಅವಳ ಹಿಂದೆಯೇ ಬಸ್ಸು ಹತ್ತಿದೆ. ಹತ್ತಿದ್ದು ಸರಿ.

ಪೀಡೆ ತಂದವನು ನಾನು. ಬರೆದಾಯಿತು.

ಬಂದರೆ ನನ್ನನ್ನೂ ಹದಿನೈದು ದಿನ ಬೇರೆ ಕಟ್ಟು. ರೊಪ್ಪದ ಪಕ್ಕದ ಚಪ್ಪರದಲ್ಲಿ ಬಿದ್ದಿರುತ್ತೇನೆ. ಬಾಯಿ ಸರಿಹೋಗಿದೆಯೋ ಇಲ್ಲವೋ ನೋಡಿಕೊಂಡು ಒಳಗೆ ಬಿಡು.

ಇಂತಿ ನಿನ್ನ,
ಕಾಟಯ್ಯ

ಬರೆಯಲು ಮರೆತದ್ದು: ಅವತ್ತು ನಿಮ್ಮ ಬಸ್ಸು ತಿರುವು ದಾಟುವ ಮೊದಲೇ ತಿಪ್ಪೆಗೆ ಹೋಗಿ ಆ ಮಲ್ಲಿಗೆ ಎತ್ತಿಕೊಂಡು ಬಂದೆ. ಯಾಕೆ ಎಂದು ಕೇಳಬೇಡ. ರೊಪ್ಪದ ಹಿಂದೆ ಹಳೆ ಬಿಂದಿಗೆಯಲ್ಲಿ ನೆಟ್ಟಿದ್ದೇನೆ. ರೋಗದ ಗಿಡವೆಂದು ದಿನವೂ ಎಲೆ ಮಗುಚಿ ನೋಡಿದೆ, ಒಂದು ಹುಳವೂ ಸಿಗಲಿಲ್ಲ. ನಿನ್ನೆ ಮೂರು ಮೊಗ್ಗು ಬಂದವು. ಈ ಭಾಗವನ್ನು ಗಿರಿಯಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಹೂವು ನಾನು ಕೀಳುವುದಿಲ್ಲ. ಅವಳೇ ಬಂದು ಕೀಳಲಿ.