ಓದಲು ಬಂದಿತ್ತು, ಅಕ್ಕಯ್ಯ

ಅಕ್ಕಯ್ಯನಿಗೆ,

ಮಧುಗಿರಿಯಿಂದ ನಿನ್ನ ತಮ್ಮ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನೀನಿರುವ ಕಡೆಯ ಕ್ಷೇಮವನ್ನು ಹೇಗೆ ವಿಚಾರಿಸಲಿ? ನೀನಿದ್ದಾಗ ಹೇಳದ ಮಾತೊಂದು ಉಳಿದುಬಿಟ್ಟಿದೆ. ಅದಕ್ಕೇ ಈ ಕಾಗದ.

ನಿನ್ನ ಒಬ್ಬನೇ ಮಗ ರಂಗ ದಂಡಿಗೆ ಸೇರಿ, ಹಡಗು ಹತ್ತಿ ಹೋದ. ವರ್ಷ ತಿರುಗಿದರೂ ಕಾಗದವಿಲ್ಲ. ನೀನು ದೊಡ್ಡೇರಿಯಿಂದ ನಡೆದುಕೊಂಡೇ ಬಂದು ನಮ್ಮಲ್ಲಿ ಉಳಿದೆ. ದಂಡಿನವರದು ಇಂಗ್ಲಿಷು, ಕಚೇರಿ ಮುಂದೆ ಅರ್ಜಿ ಬರೆಯುವವರಿಂದಲೇ ಬರೆಸಿ, ಓದಿಸೋಣ ಎಂದು ನಾನು ಹೇಳಿದ್ದಕ್ಕೆ ನಿನ್ನ ಮಾತು ಇದು: "ಬ್ಯಾಡ ಕಣ್ಲಾ. ನನ್ ಮಗನ ಸುದ್ದಿ ಕಂಡೋರ ಬಾಯಿಂದ ಬರಬಾರ್ದು. ನೀನು ಐಗಳು ಅಲ್ವಾ? ನೀನೇ ಕಲ್ತು ಓದು." ಕೂಲಿಮಠದಲ್ಲಿ ಕನ್ನಡ ಓದಿಸುವ ಐಗಳಿಗೆ ಐವತ್ತು ದಾಟಿದ ಮೇಲೆ ಇಂಗ್ಲಿಷೇ?

ಪೋಸ್ಟ್ ಮಾಸ್ತರರು ಕೊಟ್ಟ ಹಳೆಯ ವ್ಯಾಕರಣ ಪುಸ್ತಕ ಬಿಡಿಸಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದೆ. ಪಕ್ಕದಲ್ಲಿ ನೀನು, ಮೊರದಲ್ಲಿ ಕಡಲೆಕಾಯಿ. ಇವರ ಕ್ರಿಯಾಪದ ಕೊನೆಗೆ ಬರುವುದಿಲ್ಲ, ನಡುವೆಯೇ ಬಂದುಬಿಡುತ್ತದೆ ಎಂದರೆ "ಅವ್ರಿಗೆ ಅವಸರ ಕಣ್ಲಾ, ಕೊನೇಗಂಟ ಕಾಯಾಕಾಗಲ್ಲ" ಎಂದು ನೀನು ನಕ್ಕೆ. ಕಾಮಾ ತೋರಿಸಿದಾಗ, "ಚುಕ್ಕಿಗೆ ಬಾಲ ಯಾಕ್ಲಾ? ಓಡೋಗ್ತದಾ?" ಅಲ್ಲಿ ಒಂದು ಉಸಿರು ನಿಲ್ಲಬೇಕು, ಬಾಲವಿಲ್ಲದ ಚುಕ್ಕಿ ಬಂದರೆ ಪೂರಾ ನಿಲ್ಲಬೇಕು ಎಂದು ಹೇಳಿಕೊಟ್ಟೆ. ಅಕ್ಷರ ಬಾರದ ನೀನು ಅಂದಿನಿಂದ ಸಾಲಿನ ಮೇಲೆ ಬೆರಳಿಟ್ಟು, "ಬಾಲ ಬಂತು, ನಿಂತ್ಕೋ" ಎಂದು ನನ್ನನ್ನೇ ತಿದ್ದಿದೆ. ಹಾಗೆ ಕಲಿತು, ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ದಂಡಿನವರಿಗೆ ಕಾಗದ ಹಾಕಿದೆ.

ಜವಾಬು ಬಂದ ದಿನ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ನಾಲ್ಕೇ ಸಾಲು. ಯಾರನ್ನೂ ಕೇಳಬೇಕಾಗಲಿಲ್ಲ, ಒಂದೊಂದು ಪದವೂ ತಿಳಿಯಿತು. ರಂಗ ಜ್ವರದಲ್ಲಿ, ಅವರ ಆಸ್ಪತ್ರೆಯಲ್ಲಿ, ಎಷ್ಟೋ ತಿಂಗಳ ಹಿಂದೆಯೇ... ಸಾವಿನ ಕಾಗದ ಹೊಸಿಲು ದಾಟಬಾರದಲ್ಲ, ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದೆ. ಬಾವಿಯ ಹತ್ತಿರ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡೆ. ಸಾವಿನ ಸುದ್ದಿಗೆ ಮೀಯುವ ರೂಢಿ, ಕೈ ತನ್ನ ಪಾಡಿಗೆ ಮಾಡಿತು. ನೀನು ಒಳಗೇ ಇದ್ದೀಯೆಂಬುದು ಆಮೇಲೆ ನೆನಪಾಯಿತು.

ಒದ್ದೆ ತಲೆಯಲ್ಲಿ ಒಳಗೆ ಬಂದವನನ್ನು ನೀನು ಕೇಳಿದೆ: "ಹೊತ್ತಲ್ಲದ ಹೊತ್ನಾಗೆ ಯಾಕ್ಲಾ ಮಿಂದೆ?"

"ಬಿಸಿಲು, ಅಕ್ಕಯ್ಯ."

"ಕಾಗ್ದ ಬಂತಾ?"

"ಬಂತು. ಅಷ್ಟು ಕಷ್ಟದ ಇಂಗ್ಲಿಷು ನನಗೆ ತಿಳೀತಿಲ್ಲ. ಇನ್ನೂ ಕಲೀಬೇಕು."

ನೀನು ನನ್ನ ಮುಖವನ್ನೇ ನೋಡಿದೆ. ಹತ್ತಿರ ಬಂದು, ಸೆರಗಿನಲ್ಲಿ ನನ್ನ ತಲೆ ಒರೆಸಿ, "ನಿಧಾನಕ್ಕೆ ಕಲಿ, ಬುಡು" ಎಂದೆ.

ಆಮೇಲೆ ಎರಡು ವರ್ಷ ಇದ್ದೆ ನೀನು. ಆಗೀಗ "ಪಾಠ ಎಲ್ಲೀಗಂಟ ಬಂತು?" ಎನ್ನುತ್ತಿದ್ದೆಯೇ ಹೊರತು, ಆ ಕಾಗದದಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ವರ್ಷವೂ ರಂಗನಿಗೆಂದು ತರಿಸುತ್ತಿದ್ದ ಪಂಚೆಯನ್ನು ಆ ಯುಗಾದಿಗೆ ತರಿಸಲೂ ಇಲ್ಲ. ನಿನಗೆ ಗೊತ್ತಾಗಿತ್ತೇ? ನನ್ನ ನಾಲಿಗೆಗೆ ಆ ಕಷ್ಟ ಬೇಡವೆಂದು ಸುಮ್ಮನಿದ್ದೆಯಾ? ಇಲ್ಲ, ನಿಜವಾಗಿ ಕಾಯುತ್ತಲೇ... ನಿನ್ನ ನೋವು ತಪ್ಪಿಸುತ್ತೇನೆಂದುಕೊಂಡೆ. ಹೆತ್ತವಳು ಬಾಯಿಬಿಟ್ಟು ಅಳುವುದನ್ನೂ ತಪ್ಪಿಸಿದೆ. ಕ್ಷಮಿಸು ಎನ್ನಲು ಯಾವ ಭಾಷೆಯೂ ಸಾಲದು.

ಮೊನ್ನೆ ಶಿರಾದ ಖಾದರ್ ಎಂಬಾತ ಮನೆ ಹುಡುಕಿಕೊಂಡು ಬಂದ. ದಂಡಿನಲ್ಲಿ ರಂಗನ ಜೊತೆಗಿದ್ದವನು. "ಅವ್ನು ಒಬ್ನೇ ಇರ್ಲಿಲ್ಲ, ಐಗಳೇ. ಮೂರು ದಿನ ನಾನು ಪಕ್ಕದಾಗೇ ಇದ್ದೆ. ಕೊನೇಗೆ ನೀರು ಕುಡ್ದಿದ್ದು ನನ್ ಕೈಯಿಂದಾನೇ. 'ನಮ್ಮವ್ವನ್ನ ನೋಡ್ಕಂಡು ಬಾ' ಅಂದಿದ್ದ. ನಾನು ಬರೋದು ತಡ ಆಗೋಯ್ತು" ಎಂದು ಅತ್ತ. ನಾನೂ ಅತ್ತೆ, ನಿನ್ನ ಪಾಲಿನದೂ ಸೇರಿಸಿ.

ಈ ಪಿತೃಪಕ್ಷದಲ್ಲಿ ನಿನ್ನ ಎಡೆಯ ಪಕ್ಕದಲ್ಲೇ ರಂಗನಿಗೂ ಎಡೆ ಇಡುತ್ತೇನೆ. ಖಾದರನಿಗೂ ಊಟಕ್ಕೆ ಹೇಳಿದ್ದೇನೆ, ಬರುತ್ತಾನೆ. ನಿನ್ನ ಮಗ ಬಾಯಾರಿಕೊಂಡು ಹೋಗಲಿಲ್ಲ, ಅಕ್ಕಯ್ಯ.