ಕಟ್ಟಿದ್ದ ಹಸು

ಕಾಟನ್‌ವುಡ್ ಹಳ್ಳ, ಟೆಕ್ಸಸ್
೧೩ ಜನವರಿ ೧೮೮೯, ಭಾನುವಾರ

ಮುದ್ದಿನ ತಂಗಿ ಆರ್ಫಾಳಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಬೈ, ಬೈಸಿಕೊಳ್ಳುತ್ತೇನೆ. ನಾವೆಲ್ಲ ಬದುಕಿದ್ದೇವೆ, ಮೊದಲು ಅದನ್ನು ತಿಳಿದುಕೋ. ನಾಲ್ಕು ಗಾಡಿಗಳಲ್ಲಿ ಬಂದವರು ಈಗ ಹನ್ನೊಂದು ಮನೆಯಾಗಿದ್ದೇವೆ. ಮನೆಯೆಂದರೇನು, ದಿಬ್ಬ ಕೊರೆದು ಮೇಲೆ ಹುಲ್ಲುಹೆಂಟೆ ಹೊದಿಸಿದ ಬಿಲಗಳು! ಮಳೆ ಬಂದರೆ ಸಾರಿನ ಪಾತ್ರೆಗೇ ಮಣ್ಣು ಬೀಳುತ್ತದೆ. ಶಾಲೆಯೊಂದನ್ನು ಮಾತ್ರ ಹಲಗೆಯಲ್ಲಿ ಕಟ್ಟಿದ್ದೇವೆ. ವಸಂತಕ್ಕೆ ಅಂಚೆ ಕಚೇರಿಯೂ ಬರುತ್ತದಂತೆ.

ಸೆಪ್ಟೆಂಬರಿನಲ್ಲೇ ಇದೆಲ್ಲ ಬೂದಿಯಾಗಬೇಕಿತ್ತು. ಒಂದು ಮಧ್ಯಾಹ್ನ ಪಶ್ಚಿಮಕ್ಕೆ ಹೊಗೆ ಎದ್ದಿತು. ಸೊಂಟದೆತ್ತರದ ಒಣಹುಲ್ಲು, ಗಾಳಿ ನಮ್ಮ ಕಡೆಗೇ. ಒದ್ದೆ ಗೋಣಿಯಲ್ಲಿ ಬಡಿದು ಬಡಿದು ರೆಪ್ಪೆ ಸುಟ್ಟುಕೊಂಡೆವು. ನೆರೆಮನೆಯ ಟಾಲಿವರ್ ತಾತ ಕುದುರೆಯ ಮೇಲಿಂದ ಕೂಗಿದ: "ಗೋಣಿಗೆಲ್ಲ ಇದು ಬಗ್ಗಲ್ಲ! ಒಂದು ದನ ಕೊಡ್ರೋ, ಬೇಗ!"

ಇಲ್ಲಿ ಹಾಗೇ ಮಾಡುವುದು. ದನಕ್ಕೆ ಗುಂಡು ಹೊಡೆದು, ಸೀಳಿ, ಕಾಲಿಗೆ ಹಗ್ಗ ಬಿಗಿದು, ಉರಿಯ ಆಚೆಗೊಂದು ಈಚೆಗೊಂದು ಕುದುರೆ ಓಡಿಸಿ ಆ ಹಸಿ ಮೈಯನ್ನು ಬೆಂಕಿಯ ಮೇಲೆಯೇ ಎಳೆದು ಆರಿಸುತ್ತಾರೆ. ಎಲ್ಲರ ದನಗಳೂ ಬೆದರಿ ಹಳ್ಳ ದಾಟಿದ್ದವು. ಕಟ್ಟಿದ್ದದ್ದು ನನ್ನ ಕ್ಲೋವರ್ ಒಂದೇ.

ಅಪ್ಪ ನನಗೆಂದೇ ಕೊಟ್ಟ ಹಸು ಕಣೇ ಅದು, ಟೆನೆಸಿಯಿಂದ ಗಾಡಿಯ ಹಿಂದೆ ನಡೆದೇ ಬಂದದ್ದು. ಬೇಸಗೆಯ ಜ್ವರದಲ್ಲಿ ನನ್ನ ಹಾಲು ಬತ್ತಿದ ಮೇಲೆ ಐದು ತಿಂಗಳ ಐರಾ ಅದರ ಹಾಲಿನಲ್ಲೇ ಬದುಕಿದ್ದ. ಊರಲ್ಲಿ ಕರೆಯುವ ಹಸು ಬೇರೆ ಇರಲಿಲ್ಲ. ನಿನ್ನ ಭಾವ ಹೋಸಿಯಾ ನನ್ನನ್ನು ಒಂದು ಮಾತೂ ಕೇಳದೆ ಹಗ್ಗ ಬಿಚ್ಚಿದರು.

"ಮಗು ಏನ್ ಕುಡಿಯತ್ತೆ ರೀ?" ಎಂದು ಅಡ್ಡ ನಿಂತೆ.

"ಮಗೂನೇ ಸುಟ್ಟುಹೋದ್ರೆ ಹಾಲು ಯಾರಿಗೇ? ಸರಿ ಆಚೆ!"

ಕ್ಲೋವರ್‌ನ ಮೈ ಎಳೆದ ಮೇಲೆಯೇ ಬೆಂಕಿ ಶಾಲೆಯ ಹಿತ್ತಲಲ್ಲಿ ಆರಿತು. ಪ್ರಾರ್ಥನೆಯ ದಿನ ಎಲ್ಲರೂ ನಿನ್ನ ಭಾವನ ಬೆನ್ನು ತಟ್ಟಿ "ಊರು ಉಳಿಸಿದೆಯಪ್ಪಾ" ಅಂದಾಗ ನನಗೆ ಮೈಯೆಲ್ಲ ಉರಿಯಿತು. ಹಸು ನನ್ನದಲ್ಲವೇನೇ?

ಮೆಕ್ಕೆಜೋಳದ ಹಿಟ್ಟಿನ ಗಂಜಿ ಕುಡಿಸಿದರೆ ಐರಾ ಎಲ್ಲ ಕಕ್ಕಿಬಿಡುತ್ತಿದ್ದ. ಆಮೇಲೆ ಅಳುವುದನ್ನೂ ಬಿಟ್ಟ. ಸುತ್ತಮುತ್ತ ಎದೆಹಾಲಿದ್ದವಳು ಒಬ್ಬಳೇ, ಲೂಯೆಲಾ. ದೊಡ್ಡ ದನದ ಮಂದೆಗಳ ಧಣಿ, ನಮ್ಮ ಜಮೀನಿನ ಗಡಿಗೂಟ ಕಿತ್ತೆಸೆದಿದ್ದ ಹಾರ್ಗ್ರೋವ್‌ನ ಹೆಂಡತಿ! ಒಂದು ದಿನದ ದಾರಿ. ನಿನ್ನ ಭಾವನೂ ನಾನೂ ಮಗುವನ್ನು ಎದೆಗವಚಿಕೊಂಡು ಹೋದೆವು. ಇವನ ಉಸಿರಿದೆಯೇ ಎಂದು ದಾರಿಯುದ್ದಕ್ಕೂ ಮೂಗಿನ ಹತ್ತಿರ ಕೈಯಿಟ್ಟು ನೋಡುತ್ತಿದ್ದೆ.

ಹಾರ್ಗ್ರೋವ್ ಬಾಗಿಲಲ್ಲೇ ತಡೆದ. "ನನ್ನ ಹುಲ್ಲುಗಾವಲು ಉತ್ತು ಹಾಳ್ ಮಾಡಿದ್ದಾಯ್ತು. ಇನ್ನೇನು ಬೇಕು?"

ಹೋಸಿಯಾರ ಕೈ ಮುಷ್ಟಿಯಾಯಿತು. ಅಷ್ಟರಲ್ಲಿ ಲೂಯೆಲಾ ಹೊರಗೆ ಬಂದಳು. "ಗಂಡಸ್ರು ಜಗಳ ಆಮೇಲೆ ಆಡ್ಕೊಳಿ. ಕೊಡಮ್ಮ ಇಲ್ಲಿ ಮಗೂನ."

ತನ್ನ ಕೂಸನ್ನು ಕೆಳಗಿಟ್ಟು ನನ್ನದಕ್ಕೆ ಹಾಲು ಕೊಟ್ಟಳು. ಅವನು ಗುಟುಕರಿಸಿದ ಸದ್ದು ಕೇಳಿತು. ನಮ್ಮ ಹೆಣ್ಣುಮಕ್ಕಳಿಬ್ಬರು ಮನೆಯಲ್ಲಿದ್ದರು, ಅಲ್ಲೇ ಉಳಿಯಲಾಗಲಿಲ್ಲ. ಅವನನ್ನು ಅವಳ ಹತ್ತಿರವೇ ಬಿಟ್ಟು ಬಂದೆ. ಈಗ ದುಂಡುದುಂಡಗಿದ್ದಾನೆ, ಚಿಂತೆ ಮಾಡಬೇಡ.

ನಿನ್ನ ಮನೆ ತುಂಬಿರಲಿ, ಮಕ್ಕಳಿಗೆ ಈ ಚಳಿಯಲ್ಲಿ ಕೆಮ್ಮು ತಾಗದಿರಲಿ.

ನಿನ್ನ ಅಕ್ಕ,
ಅಲ್ಮೀಡಾ

ಇನ್ನೊಂದು ಮಾತು: ಹೋದ ಭಾನುವಾರ ಐರಾನನ್ನು ನೋಡಲು ಹೋಗಿದ್ದೆ. ಕೈ ಚಾಚಿದೆ. ನನ್ನ ಮುಖ ನೋಡಿ ಕಿರುಚಿ ಲೂಯೆಲಾಳ ಕತ್ತಿನಲ್ಲಿ ಮುಖ ಹುದುಗಿಸಿದ. "ಹೊಸಬ್ರು ಅಂದ್ಕೊಂಡಿದಾನೆ, ಬೇಜಾರ್ ಮಾಡ್ಕೋಬೇಡ" ಅಂದಳು. ನಮ್ಮ ಮನೆಗೆ ಹಾಲು ಕರೆಯುವ ಹಸು ಬಂದು ಎರಡು ವಾರವಾಯಿತು, ಆರ್ಫಾ. ಅವನನ್ನು ಕರೆತರೋಣ ಎಂದು ನಿನ್ನ ಭಾವ ಇವತ್ತು ಬೆಳಿಗ್ಗೆ ಗಾಡಿ ಕಟ್ಟಿದ್ದರು. "ಕುದುರೆ ಬಿಚ್ಚಿಬಿಡಿ" ಅಂದೆ.