ಎರಡು ನೂಡಲ್ಸ್ ಕವರು

ಸೆಕಾರ್,

ನಿನ್ನನ್ನು ಎಬ್ಬಿಸಿ ಮುಖ ತೋರಿಸಲು ನಾಚಿಕೆಯಾಗಿ ಬೇಗ ಹೊರಟೆ. ಅನ್ನ ಕುಕ್ಕರಿನಲ್ಲಿದೆ, ಹುರಿದ ಸೋಯಾ ಟೆಂಪೆ ಮುಚ್ಚಿಟ್ಟಿದ್ದೇನೆ. ತಿಂದೇ ಶಾಲೆಗೆ ಬಾ.

ಶನಿವಾರ ಮೆರ್ಬಾಬು ಬೆಟ್ಟ ಇಳಿದಾಗ ಒಯ್ದ ಕವರುಗಳನ್ನೆಲ್ಲ ವಾಪಸು ತಂದು ಎಣಿಸಿ ತೋರಿಸಬೇಕಾದ ಚೌಕಿಯಲ್ಲಿ ಲೆಕ್ಕಕ್ಕೆ ಸಿಗದ ಆ ಎರಡು ನೂಡಲ್ಸ್ ಕವರು ಈಗ ಸಿಕ್ಕವು, ನನ್ನ ಮಳೆಕೋಟಿನ ಜೇಬಿನಲ್ಲಿ. ಶಿಖರದಲ್ಲಿ ಗಾಳಿಗೆ ಹಾರಿಹೋಗಬಾರದೆಂದು ನಾನೇ ತುರುಕಿಕೊಂಡು ಮರೆತಿದ್ದೆ.

ಕಸದ ಚೀಲ ಹೊತ್ತವಳು ನೀನೆಂದು, ಶಾಲೆಯ ಚಾರಣ ತಂಡದೆದುರು ನಿನ್ನ ಕೊರಳಿನಿಂದ ತಂಡದ ಗುರುತಾದ ಕಿತ್ತಳೆ ಸ್ಕಾರ್ಫ್ ಬಿಚ್ಚಿಸಿದೆ. "ಅಪ್ಪಾ, ನಿಮ್ಮ ಜೇಬೂ ಒಂದ್ಸಲ ನೋಡ್ಕೊಳ್ಳಿ" ಅಂದೆ ನೀನು. "ಇಲ್ಲಿ ನಾನು ಅಪ್ಪ ಅಲ್ಲ, ಮೇಷ್ಟ್ರು" ಅಂತ ನೆಲಕ್ಕೆ ಕೈಯೂರಿಸಿ ಇಪ್ಪತ್ತೈದು ದಂಡ ಹೊಡೆಸಿದೆ. ಮಗಳೆಂದು ಬಿಟ್ಟರೆ ಉಳಿದವರು ಏನಂದುಕೊಂಡಾರೋ ಎಂಬ ಭಯ ನನಗೆ. ಜೇಬಿಗೆ ಕೈ ಹಾಕುವಷ್ಟೂ ತಾಳ್ಮೆ ಇರಲಿಲ್ಲ.

ಸ್ಕಾರ್ಫ್ ಇಸ್ತ್ರಿ ಮಾಡಿ ನಿನ್ನ ಕುರ್ಚಿಯ ಮೇಲಿಟ್ಟಿದ್ದೇನೆ. ಕಟ್ಟಿಕೊಂಡೇ ಬಾ. ಇವತ್ತು ಸೋಮವಾರದ ಧ್ವಜವಂದನೆ ಮುಗಿದ ಮೇಲೆ ಮೈಕಿನಲ್ಲಿ ಎಲ್ಲವನ್ನೂ ಹೇಳಿ, ಅಲ್ಲೇ ಮೈದಾನದಲ್ಲಿ ನಾನೂ ಇಪ್ಪತ್ತೈದು ದಂಡ ಹೊಡೆಯುತ್ತೇನೆ. ಬೆನ್ನುನೋವಿನ ನೆಪ ಹೇಳುವುದಿಲ್ಲ.

ಮುಂದೆ ಬಂದು ನಿಂತು ನೀನೇ ಗಟ್ಟಿಯಾಗಿ ಎಣಿಸು. ನನ್ನ ಲೆಕ್ಕವನ್ನು ಇನ್ನು ಯಾರೂ ನಂಬುವುದು ಬೇಡ.

ಅಪ್ಪ